ಕಡಿಮೆ ಬಿದ್ದ ಹೊಗೆ

ಹದಿನೇಳು ವರ್ಷ ಶಾಲೆಯ ಮಕ್ಕಳನ್ನು ಹೊತ್ತು ತಿರುಗಿದ ಹಳದಿ ಬಸ್ಸಿಗೆ ಒಂದು ದಿನ ಸುದ್ದಿ ಮುಟ್ಟಿತು. ಹೊಗೆ ಉಗುಳುವ ಬಸ್ಸುಗಳನ್ನು ಗುಜರಿಗೆ ಹಾಕಿ ಕರೆಂಟಿನ ಬಸ್ಸು ಕೊಳ್ಳಲು ಸರಕಾರ ಶಾಲೆಗಳಿಗೆ ಹಣ ಕೊಡುತ್ತದಂತೆ. ಮುದಿ ಬಸ್ಸು ಖುಷಿಯಿಂದಲೇ ಹೋಗಿ ಹೊಗೆ ಅಳೆಯುವ ಯಂತ್ರದ ಮುಂದೆ ನಿಂತಿತು.

"ನಿನ್ನ ಹೊಗೆ ಸಾಲದು," ಎಂದಿತು ಯಂತ್ರ. "ಅತಿ ಹೆಚ್ಚು ಹೊಗೆ ಬಿಡುವವರಿಗೆ ಮಾತ್ರ ಹಣ."

"ಮಕ್ಕಳು ಕೆಮ್ಮಬಾರದೆಂದು ಡ್ರೈವರ್ ಹುಸೇನಸಾಬ ದಿನಾ ಬೆಳಿಗ್ಗೆ ನನ್ನ ಫಿಲ್ಟರ್ ಬಿಚ್ಚಿ ಕೊಡವುತ್ತಾನೆ, ಸ್ವಾಮಿ."

"ಅದು ಅವನ ತಪ್ಪು. ಮುಂದಿನ ವರ್ಷ ಬಾ."

ಈ ಮಾತು ಶಾಲೆಯವರ ಕಿವಿಗೂ ಬಿತ್ತು. ಫಿಲ್ಟರ್ ಮುಟ್ಟಕೂಡದೆಂದು ಹುಸೇನಸಾಬನಿಗೆ ತಾಕೀತು ಮಾಡಿದರು. ವರ್ಷವಿಡೀ ಬಸ್ಸು ಕಪ್ಪಗೆ ಉಗುಳಿತು. ಹಿಂದಿನ ಸೀಟಿನ ಮಕ್ಕಳು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತರು. 'ಸ್ವಲ್ಪ ತಾಳಿಕೊಳ್ಳಿ, ಇದೆಲ್ಲ ನಿಮಗಾಗಿಯೇ' ಎಂದು ಬಸ್ಸು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿತ್ತು.

ವರ್ಷ ಕಳೆದು ಮತ್ತೆ ಹೋದಾಗ ಯಂತ್ರದ ಮುಳ್ಳು ಕೊನೆಯ ಗೆರೆ ಮುಟ್ಟಿತು.

"ಭೇಷ್," ಎಂದಿತು ಯಂತ್ರ. "ಈ ಜಿಲ್ಲೆಯಲ್ಲೇ ಇಷ್ಟು ಹೊಗೆ ಯಾರಿಗೂ ಇಲ್ಲ."

"ಹಾಗಾದರೆ ನನ್ನನ್ನು ಗುಜರಿಗೆ ಕಳಿಸಿ. ಮಕ್ಕಳಿಗೆ ಹೊಸ ಬಸ್ಸು ಕೊಡಿ."

"ಯೋಜನೆ ಹೋದ ತಿಂಗಳೇ ಮುಗಿಯಿತಲ್ಲ."

ಬಸ್ಸು ಶಾಲೆಗೆ ಮರಳಿತು. ಹುಸೇನಸಾಬ ಯಾರನ್ನೂ ಕೇಳದೆ ಫಿಲ್ಟರ್ ಬಿಚ್ಚಿ ಕೊಡವಿದ. ಮರುದಿನದಿಂದ ಹೊಗೆ ಇಳಿಯಿತು. ಹಿಂದಿನ ಸೀಟಿನ ಕೆಮ್ಮು ಮಾತ್ರ ಇಳಿಯಲಿಲ್ಲ.