ಚೆಲುವರಾಯ ಗಿಟಾರ್ ಕೊಂಡದ್ದು

ಗಿಟಾರ್ ಕಲಿಸುವ ಗುರುಗಳು, ಅದೂ ಕಪಿಲಾ ನದಿ ದಂಡೆಯಲ್ಲಿ, ಅಂದರೆ ನೀವು ಹುಬ್ಬೇರಿಸುತ್ತೀರಿ. ಏರಿಸಿ. ನದಿ ದಂಡೆಯನ್ನು ವೀಣೆಯವರಿಗೇನೂ ಬರೆದುಕೊಟ್ಟಿಲ್ಲವಲ್ಲ.

ಗುರುಗಳ ಹೆಸರು ವರದಯ್ಯ. ಸುತ್ತಲಿನವರು ಗಿಟಾರ್ ಸ್ವಾಮಿಗಳು ಅನ್ನುತ್ತಿದ್ದರು. ಹೆಂಚು ಹೊದಿಸಿದ ಎರಡು ಕೋಣೆ, ಒಂದು ಜಗಲಿ, ಹೊಳೆಗೆ ಇಳಿಯಲು ಮೆಟ್ಟಿಲು. ಆಶ್ರಮ ಅಂದರೆ ಅಷ್ಟೇ.

ಚೆಲುವರಾಯ ಅಲ್ಲಿ ಹದಿನಾಲ್ಕು ವರ್ಷ ಕಲಿತ. ಸುಮ್ಮನೆ ಕಾಲ ಕಳೆದವನಲ್ಲ. ಅವನು ಕೂತು ತೋಡಿ ರಾಗ ಶುರುಮಾಡಿದರೆ, ಬಟ್ಟೆ ಒಗೆಯಲು ಬಂದವರು ಬಕೆಟ್ಟು ಅಲ್ಲೇ ಇಟ್ಟು ಜಗಲಿಗೆ ಬಂದುಬಿಡುತ್ತಿದ್ದರು.

ಆದರೆ ನುಡಿಸಲು ಇದ್ದದ್ದು ಆಶ್ರಮದ ಹಳೆಯ ಗಿಟಾರ್. ಪ್ಲೈವುಡ್ಡಿನದು. ಮಳೆಗಾಲ ಬಂದರೆ ಅದರ ಹೊಟ್ಟೆ ಉಬ್ಬುತ್ತಿತ್ತು. ತಂತಿಗಳೋ, ಗೇಣು ಮೇಲೆ ನಿಂತಿವೆಯೇನೋ ಅನ್ನಿಸುವ ಹಾಗೆ. ಒತ್ತಿ ಒತ್ತಿ ಅವನ ಬೆರಳ ತುದಿ ಎಮ್ಮೆ ಗೊರಸಾಗಿತ್ತು.

ಒಂದು ಬೆಳಿಗ್ಗೆ ಅವನು ಗಿಟಾರನ್ನು ಕೆಳಗಿಟ್ಟು ಎದ್ದು ನಿಂತ.

"ಗುರುಗಳೇ, ಇನ್ನು ನನ್ನ ಕೈಲಿ ಆಗಲ್ಲ. ಇದು ವಾದ್ಯವೇ ಅಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದರು ಗುರುಗಳು.

"ಹದಿನಾಲ್ಕು ವರ್ಷದಿಂದ ಅದೇ ಗಾದೆ! ಕುಣಿಯೋದು ಕಲಿತಾಯ್ತಲ್ಲ ಗುರುಗಳೇ? ಇನ್ನೂ ಯಾಕೆ ನೆಲ ಡೊಂಕಾಗೇ ಇರಬೇಕು?"

ನ್ಯಾಯವಾದ ಮಾತು. ಅವನ ಸಿಟ್ಟಿನಲ್ಲಿ ತಪ್ಪೇನಿತ್ತು ಹೇಳಿ?

ಗುರುಗಳಿಗೂ ಹಾಗೇ ಅನ್ನಿಸಿರಬೇಕು. ನಕ್ಕುಬಿಟ್ಟರು.

"ಸರಿ ಕಣಪ್ಪ. ಮೈಸೂರಿಗೆ ಹೋಗಿ ಒಳ್ಳೇದೊಂದು ತಗೊಂಡು ಬಾ. ನನ್ನ ಬೆರಳು ಈಗ ಮಡಚಲ್ಲ. ನಿನ್ನ ಗಿಟಾರ್ ಬಂದ ದಿನದಿಂದ ಇಲ್ಲಿಯ ಪಾಠವೂ ನಿನ್ನದೇ."

ಈ ಜಗಲಿಯ ಮೇಲೆ ಗುರುಗಳ ಜಾಗದಲ್ಲಿ ಕೂತು ಪಾಠ ಹೇಳುವುದು. ಬದುಕಿನಲ್ಲಿ ಚೆಲುವರಾಯ ಬೇರೇನನ್ನೂ ಬಯಸಿದವನಲ್ಲ.

"ಹೋಗೋವಾಗ ಇನ್ನಾಸಪ್ಪನ್ನ ಕರ್ಕೊಂಡು ಹೋಗು," ಅಂದರು ಗುರುಗಳು. "ನಮ್ಮಲ್ಲಿಯ ರೂಢಿ ಗೊತ್ತಲ್ಲ. ವಾದ್ಯ ಕೊಳ್ಳುವವನು ಅಂಗಡೀಲಿ ನುಡಿಸಬಾರದು. ಇನ್ನೊಬ್ಬನ ಕೈಗೆ ಕೊಟ್ಟು, ತಾನು ಎದುರಿಗೆ ಕೂತು ಕೇಳಬೇಕು."

ಇನ್ನಾಸಪ್ಪ ಆಚೆ ದಡದವನು. ಭಾನುವಾರ ಚರ್ಚಿನಲ್ಲಿ ಹಾಡುವವರ ಜೊತೆ ಗಿಟಾರ್ ನುಡಿಸುತ್ತಿದ್ದ, ಉಳಿದ ದಿನ ಆಶ್ರಮಕ್ಕೆ ಬರುತ್ತಿದ್ದ. ಚೆಲುವರಾಯನ ಪಕ್ಕದಲ್ಲೇ ಅವನ ಜಾಗ. ಆದರೆ ಚೆಲುವರಾಯನ ಲೆಕ್ಕದಲ್ಲಿ ಅವನು ಶ್ರುತಿ ಮಾಡಿಕೊಡುವವನು, ಅಷ್ಟೇ.

ಚೆಲುವರಾಯ ಒಬ್ಬನೇ ಬಸ್ಸು ಹತ್ತಿದ. ಆ ರೂಢಿ ಇರೋದು ಹೊಸಬರಿಗೆ ಅಂದುಕೊಂಡ. ನುಡಿಸಲು ಬಾರದವನು ಇನ್ನೊಬ್ಬನ ಕೈಗೆ ಕೊಡಲಿ, ನನಗ್ಯಾಕೆ ಅದು?

ಅಂಗಡಿಯಲ್ಲಿ ಮೊದಲು ತೋರಿಸಿದ್ದು ನೀಲಿ ಬಣ್ಣದ್ದು.

"ಸಾರ್, ಇದು ಈಗ ತುಂಬಾ ಓಡ್ತಾ ಇದೆ."

"ಓಡೋದಾದ್ರೆ ಕುದುರೆ ತಗೋತೀನಿ. ಮರದ್ದು ತೋರಿಸಿ."

"ಎಲ್ಲಾ ಮರದ್ದೇ ಸಾರ್. ಒಂದೇ ಹಲಗೆ, ಗಟ್ಟಿ."

ಚೆಲುವರಾಯ ಗಿಟಾರಿನ ಹೊಟ್ಟೆಯ ತೂತಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದ. ಹಲಗೆ ಮೂರು ಪದರ ಇತ್ತು. ಗಟ್ಟಿ ಮರವಂತೆ! ಬಾಯಿಬಿಟ್ಟರೆ ಸುಳ್ಳು. ಪ್ಲೈವುಡ್ಡಿಗೆ ಬಣ್ಣ ಬಳಿದು ಎಷ್ಟು ಜನರ ತಲೆಗೆ ಕಟ್ಟಿದ್ದಾರೋ ಇವರು. ನೆನೆದರೆ ನನಗೇ ಮೈ ಉರಿಯುತ್ತದೆ; ಅವನಿಗೆ ಉರಿಯದೆ ಇರುತ್ತದೆಯೇ?

"ಪದರ ಕಾಣಿಸ್ತಾ ಇದೆಯಲ್ಲ ಸ್ವಾಮಿ, ಯಾರಿಗೆ ಟೋಪಿ ಹಾಕ್ತೀರಿ?" ಅಂದ. ಅಂಗಡಿಯಾತ ಮುಖ ಆ ಕಡೆ ತಿರುಗಿಸಿ, ಮೇಲಿನ ಸಾಲಿನಿಂದ ನಿಜವಾದವನ್ನು ಇಳಿಸಿದ.

ಆಮೇಲೆ ನೋಡಬೇಕಿತ್ತು ಚೆಲುವರಾಯನನ್ನು. ಒಂದೊಂದರ ಕುತ್ತಿಗೆಯನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು, ಬಾಗಿದೆಯಾ ಅಂತ ನೋಡಿದ. ಬೆರಳ ಗೆಣ್ಣಿನಿಂದ ಹಲಗೆ ತಟ್ಟಿದ. ಬಿರಡೆ ತಿರುಗಿಸಿದ. ಕುತ್ತಿಗೆಯ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಒಂದನ್ನೂ ಬಿಡದೆ ಒತ್ತಿ, ಎಲ್ಲಾದರೂ ತಂತಿ ಜಿರ್ ಅನ್ನುತ್ತದೆಯಾ ಅಂತ ಪರೀಕ್ಷಿಸಿದ. ಒಂದರಲ್ಲೂ ತಪ್ಪು ಮಾಡಲಿಲ್ಲ.

ಕೊನೆಗೆ ಕಂದು ಬಣ್ಣದ್ದೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ತೋಡಿ ನುಡಿಸಿದ. ದಪ್ಪ ತಂತಿಯ ನಾದ ಎದೆಗೆ ಬಂದು ಗುಂ ಅಂತ ಕೂತಿತು. ಅಂಗಡಿಗೆ ಬಂದವರೆಲ್ಲ ಸುತ್ತ ನೆರೆದರು. ನಿಲ್ಲಿಸಿದಾಗ ಚಪ್ಪಾಳೆ.

"ಇದೇ," ಅಂದ.

"ವಾರದೊಳಗೆ ಬೇಡ ಅನ್ನಿಸಿದ್ರೆ ಬದಲಾಯಿಸ್ಕೊಳ್ಳಿ ಸಾರ್," ಅಂದ ಅಂಗಡಿಯಾತ.

"ಬೇಡ ಅನ್ನಿಸೋಕೆ ನನಗೇನು ಹುಚ್ಚಾ?"

ಆಶ್ರಮಕ್ಕೆ ತಂದ. ಗುರುಗಳು ಹಲಗೆಯ ಮೇಲೆ ಅಂಗೈ ಆಡಿಸಿದರು.

"ಮರ ಒಳ್ಳೇದು. ಕೆಲಸ ಅಚ್ಚುಕಟ್ಟು. ಕೇಳಿದೆಯಾ?"

"ಅರ್ಧ ದಿನ ನುಡಿಸಿದೆ ಗುರುಗಳೇ."

"ನುಡಿಸಿರ್ತೀಯ. ಕೇಳಿದೆಯಾ ಅಂದೆ."

"ನುಡಿಸಿದ ಮೇಲೆ ಕೇಳಿದ ಹಾಗೇ ಅಲ್ವಾ?"

ಗುರುಗಳು ಗಿಟಾರನ್ನು ಇನ್ನಾಸಪ್ಪನ ಕಡೆ ಚಾಚಿದರು. "ನೀನೊಂದು ಸಲ ನುಡಿಸಪ್ಪ."

ಚೆಲುವರಾಯ ನಡುವೆ ಬಂದು ಗಿಟಾರಿನ ಕುತ್ತಿಗೆ ಹಿಡಿದುಕೊಂಡ.

"ಬೇಡಿ ಗುರುಗಳೇ. ಹದಿನಾಲ್ಕು ವರ್ಷ ಕಾದು ತಂದಿದ್ದೀನಿ. ಮೊದಲು ಅವನ ಕೈ ಬೀಳಬೇಕಾ ಇದರ ಮೇಲೆ? ಪರೀಕ್ಷೆ ಮಾಡೋಕೆ ಅವನಿಗೆ ನನಗಿಂತ ಜಾಸ್ತಿ ಗೊತ್ತಾ?"

ಇನ್ನಾಸಪ್ಪ ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡ. ಅಂಥ ಮಾತನ್ನು ಎದುರಿಗೇ ಅನ್ನಿಸಿಕೊಂಡು ಸುಮ್ಮನಿರೋದು ಹೇಗೋ ನನಗಂತೂ ಗೊತ್ತಿಲ್ಲ.

"ಆಯ್ತು, ನಿನ್ನದೇ ಇಟ್ಕೊ," ಅಂದರು ಗುರುಗಳು. "ಗಿಟಾರ್ ಬಂತು. ನಾಳೆ ಪಾಠ ನಿನ್ನದು."

ಮಾರನೆಯ ದಿನ ಸಂಜೆ ಜಗಲಿ ತುಂಬ ಜನ. ಬಸ್ ಕಂಡಕ್ಟರ್ ಒಬ್ಬರು, ನಿವೃತ್ತ ಮೇಷ್ಟ್ರು, ಬಟ್ಟೆ ಹೊಲಿಯುವ ಗಿರಿಜಮ್ಮ, ಇನ್ನೂ ಕೆಲವರು. ಎಲ್ಲರ ತೊಡೆಯ ಮೇಲೂ ಗಿಟಾರ್. ಇನ್ನಾಸಪ್ಪನೂ ಅವರ ನಡುವೆ ಎದುರಿಗೆ ಕೂತಿದ್ದ. ಗುರುಗಳು ಬಾಗಿಲ ಹತ್ತಿರ ಗೋಡೆಗೆ ಒರಗಿದ್ದರು.

ಚೆಲುವರಾಯ ಪಾಠ ಶುರುಮಾಡಿದ. ಅವರು ತಪ್ಪಿದರೆ ತಾನು ನುಡಿಸಿ ತೋರಿಸಿದ. ಮತ್ತೆ ತಪ್ಪಿದರೆ ಇನ್ನೂ ಜೋರಾಗಿ ನುಡಿಸಿದ. ಕಡೆಕಡೆಗೆ ಅವರು ಕೈ ಕಟ್ಟಿ ಕೂತರು, ಅವನೊಬ್ಬನೇ ನುಡಿಸಿದ. ಆಹಾ, ಏನು ಚೆಂದ ನುಡಿಸಿದ!

ಎಲ್ಲರೂ ಹೊರಟ ಮೇಲೆ ಗುರುಗಳು ಕೇಳಿದರು.

"ಗಿರಿಜಮ್ಮನ ಮೂರನೇ ತಂತಿ ಇಳಿದುಹೋಗಿತ್ತು. ಪಾಪ, ಎಷ್ಟು ಒದ್ದಾಡಿದಳು. ಕೇಳಿಸಿತಾ?"

"ಇಲ್ಲ."

"ಮೇಷ್ಟ್ರು ಒಂದು ಸ್ವರ ಬಿಟ್ಟೇ ನುಡಿಸ್ತಿದ್ರು."

ಚೆಲುವರಾಯನ ಮುಖ ಕೆಂಪಾಯಿತು.

"ಗುರುಗಳೇ, ತಂದ ಗಳಿಗೆಯಿಂದ ಈ ಗಿಟಾರ್ ಮೇಲೆ ನಿಮಗೆ ಅನುಮಾನ. ಏನಾಗಿದೆ ಇದಕ್ಕೆ ಹೇಳಿಬಿಡಿ. ಇಲ್ಲ, ಪಾಠ ಕೊಡೋಕೆ ಮನಸ್ಸಿಲ್ಲ ಅಂತಾದ್ರೂ ಹೇಳಿ. ನಾನು ಹೊರಟುಹೋಗ್ತೀನಿ."

"ಗಿಟಾರ್ ಇನ್ನಾಸಪ್ಪನಿಗೆ ಕೊಡು. ನೀನು ಆ ಮೆಟ್ಟಿಲ ಮೇಲೆ ಕೂತ್ಕೊ."

"ಅಲ್ಲಿಗೇ ಬಂದ್ರಾ ಮತ್ತೆ!"

"ಅಲ್ಲಿಗೇ ಬಂದೆ."

ಚೆಲುವರಾಯ ಗಿಟಾರನ್ನು ಇನ್ನಾಸಪ್ಪನ ತೊಡೆಯ ಮೇಲೆ ಹೆಚ್ಚುಕಡಿಮೆ ಎಸೆದ. ದಡದಡ ಇಳಿದು ಹೋಗಿ ಮೆಟ್ಟಿಲ ಮೇಲೆ, ಗಿಟಾರಿಗೆ ಎದುರಾಗಿ ಕೂತ. ಮುಖ ಊದಿಸಿಕೊಂಡೇ ಕೂತ.

ಇನ್ನಾಸಪ್ಪ ನುಡಿಸಿದ.

ಚೆಲುವರಾಯ ಕತ್ತು ಮುಂದೆ ಚಾಚಿದ. ದಪ್ಪ ತಂತಿ ಬಡಬಡ ಅನ್ನುತ್ತಿತ್ತು. ಸಣ್ಣ ತಂತಿಗಳ ದನಿ ಅದರೊಳಗೆ ಮುಳುಗಿಹೋಗಿತ್ತು. ಇನ್ನಾಸಪ್ಪನ ಬೆರಳು ಆಡುವುದು ಕಾಣುತ್ತಿತ್ತು, ಸ್ವರ ಮೆಟ್ಟಿಲವರೆಗೆ ಬರುತ್ತಿರಲಿಲ್ಲ. ಎದೆಗೆ ಒತ್ತಿ ಹಿಡಿದಾಗ ಅಷ್ಟು ಸಿಹಿಯಾಗಿದ್ದದ್ದು ಎದುರಿಗೆ ಬರೀ ಕಲಸುಮೇಲೋಗರ.

"ನಿಲ್ಲಿಸು," ಅಂದ. "ಕಳ್ಳ ನನ್ಮಗ ಆ ಅಂಗಡಿಯವನು! ಮೋಸ ಮಾಡಿದ!"

"ಅವನು ನುಡಿಸಿ ತೋರಿಸಿದನಾ?" ಅಂದರು ಗುರುಗಳು.

"ಇಲ್ಲ. ನಾನೇ ನುಡಿಸಿದೆ."

"ಮತ್ತೆ ಮೋಸ ಮಾಡಿದ್ದು ಯಾರು?"

ಚೆಲುವರಾಯನ ಸಿಟ್ಟು ಈಗ ಜಾಗ ಸಿಗದೆ ಇನ್ನಾಸಪ್ಪನ ಕಡೆ ತಿರುಗಿತು.

"ಈಗ ಪಾಠದಲ್ಲಿ ನಾನು ನುಡಿಸೋವಾಗ ನೀನು ಎದುರಿಗೇ ಕೂತಿದ್ದೆ. ನಿನಗೆ ಗೊತ್ತಾಗಿತ್ತು, ಅಲ್ವಾ? ಬಾಯಿ ಬಿಡೋಕೆ ಏನಾಗಿತ್ತು ನಿನಗೆ?"

"ಗೊತ್ತಾಗಿತ್ತು ಅಣ್ಣ," ಅಂದ ಇನ್ನಾಸಪ್ಪ. ಅವನ ದನಿಯಲ್ಲೂ ಈಗ ಬಿಸಿ ಇತ್ತು. "ಆದ್ರೆ ನೀವು ಯಾವತ್ತಾದ್ರೂ ನನ್ನ ಕೇಳಿದ್ದೀರಾ? ಇಷ್ಟು ವರ್ಷದಲ್ಲಿ ಒಂದು ಸಲ? ಶ್ರುತಿ ಮಾಡಿಕೊಡು ಅಂದ್ರಿ, ಮಾಡಿಕೊಟ್ಟೆ. ನಿನ್ನೆ ಗುರುಗಳ ಎದುರಿಗೇ ಕೈ ತಳ್ಳಿದ್ರಿ, ತಳ್ಳಿಸಿಕೊಂಡೆ. ಇನ್ನೇನು ಬಾಯಿ ಬಿಡಲಿ?"

ಚೆಲುವರಾಯ ಮೆಟ್ಟಿಲಿನಿಂದ ಎದ್ದು ಜಗಲಿಗೆ ಹತ್ತಿ ಬಂದ.

"ನಾಳೆ ಮೈಸೂರಿಗೆ ಬರ್ತೀಯಾ?" ಅಂದ ಆಮೇಲೆ. ಕೇಳಲು ಅವನಿಗೆ ಎಷ್ಟು ಕಷ್ಟವಾಯಿತು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಇನ್ನಾಸಪ್ಪನೂ ಸುಲಭಕ್ಕೆ ಬಗ್ಗಲಿಲ್ಲ. ಬೆಳಗಾಗಲಿ ನೋಡೋಣ ಅಂದ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಬಂದು ನಿಂತಿದ್ದ.

ಅಂಗಡಿಯಾತ ಇವರನ್ನು ನೋಡಿ ಹಲ್ಲು ಕಿರಿದ.

"ಏನ್ ಸಾರ್, ಹುಚ್ಚು ಹಿಡೀತಾ?"

ಚೆಲುವರಾಯ ಆ ಮಾತನ್ನು ನುಂಗಿಕೊಂಡ. ಕಂದು ಗಿಟಾರನ್ನು ಮೇಜಿನ ಮೇಲಿಟ್ಟು, ಒಂದು ಸ್ಟೂಲ್ ಎಳೆದುಕೊಂಡು ಗೋಡೆಯ ಹತ್ತಿರ ಕೂತ. ಮೇಲಿನ ಸಾಲಿನವನ್ನೆಲ್ಲ ಒಂದೊಂದಾಗಿ ಇನ್ನಾಸಪ್ಪನಿಗೆ ಕೊಡಿಸಿದ.

"ತಾವು ನುಡಿಸಲ್ವಾ ಸಾರ್?"

"ನುಡಿಸಲ್ಲ. ಸ್ವಲ್ಪ ಸುಮ್ನಿರಿ, ಕೇಳಬೇಕು."

ಮೊದಮೊದಲು ಅವನ ಬೆರಳು ತೊಡೆಯ ಮೇಲೆ ತಾವೇ ಕುಣಿಯುತ್ತಿದ್ದವು. ಇನ್ನಾಸಪ್ಪ ಇಲ್ಲಿ ಹೀಗೆ ಜಾರಬೇಕಿತ್ತು, ಅಲ್ಲಿ ಹಾಗೆ ಒತ್ತಬೇಕಿತ್ತು ಅಂತ ಒಳಗೊಳಗೇ ತಿದ್ದುತ್ತಿದ್ದ. ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡ. ಆಗ ಕೇಳಿಸತೊಡಗಿತು.

ಒಂದು ಗಿಟಾರ್ ಕಿರುಚಿತು. ಒಂದು ಡಬ್ಬಿಯ ಹಾಗೆ ಬಡಿಯಿತು. ಆಮೇಲೆ ಇನ್ನಾಸಪ್ಪ ಹೊಳಪೂ ಇಲ್ಲದ, ಅಂಚಿನಲ್ಲಿ ಒಂದು ಗೆರೆ ಅಲಂಕಾರವೂ ಇಲ್ಲದ ಒಂದನ್ನು ಎತ್ತಿಕೊಂಡು ಚರ್ಚಿನ ಯಾವುದೋ ನಿಧಾನದ ಹಾಡು ನುಡಿಸಿದ. ಆರು ತಂತಿಯೂ ಬೇರೆಬೇರೆಯಾಗಿ, ಒಂದನ್ನೊಂದು ತುಳಿಯದೆ ಗೋಡೆಯವರೆಗೆ ಬಂದವು.

ಅಷ್ಟೇ ಆಗಿದ್ದರೆ ಚೆಲುವರಾಯ ತಕ್ಷಣ ಎದ್ದುಬಿಡುತ್ತಿದ್ದ. ಅವನು ಏಳಲಿಲ್ಲ. ಹಾಡು ಮುಗಿಯುವವರೆಗೆ ಕೂತ. ಇವನು ಇಷ್ಟು ಚೆನ್ನಾಗಿ ನುಡಿಸುತ್ತಾನೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಇದು," ಅಂದ. ಕಣ್ಣು ಒರೆಸಿಕೊಂಡದ್ದನ್ನು ಅಂಗಡಿಯಾತ ನೋಡಿದ. ನೋಡಲಿ.

ಊರಿಗೆ ಬರುವಷ್ಟರಲ್ಲಿ ಅವನ ಒಳಗೆ ಮತ್ತೆ ಕುದಿಯತೊಡಗಿತ್ತು. ಜಗಲಿಯ ಮೇಲೆ ಆಗಲೇ ಗಿರಿಜಮ್ಮ, ಮೇಷ್ಟ್ರು ಎಲ್ಲ ಬಂದು ಕೂತಿದ್ದರು. ಚೆಲುವರಾಯ ಅವರನ್ನು ದಾಟಿ ನೇರ ಗುರುಗಳ ಮುಂದೆ ನಿಂತ.

ಗುರುಗಳು ಗಿಟಾರ್ ನೋಡಿದರು. ಈ ಸಲ ಮುಟ್ಟಲಿಲ್ಲ, ಏನೂ ಕೇಳಲೂ ಇಲ್ಲ.

"ಪಾಠದ ಹೊತ್ತಾಯ್ತು," ಅಂದರು. "ಹೋಗು, ನಿನ್ನ ಜಾಗದಲ್ಲಿ ಕೂತ್ಕೊ."

"ಕೂರಲ್ಲ," ಅಂದ ಚೆಲುವರಾಯ. "ಮೊದಲು ನನಗೆ ಉತ್ತರ ಕೊಡಿ. ಇವನು ನುಡಿಸೋದನ್ನ ನಾನು ಇವತ್ತು ಕೇಳಿದೆ. ಇಂಥವನನ್ನ ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂರಿಸಿದ್ರಿ. ನನಗಿಂತ ಯಾವುದರಲ್ಲೂ ಕಡಿಮೆ ಇಲ್ಲ ಇವನು. ನಾನು ಇವನನ್ನ ಶ್ರುತಿ ಮಾಡೋ ಆಳಿನ ಹಾಗೆ ನೋಡಿದೆ. ನೀವು ನೋಡ್ತಾ ಇದ್ರಿ! ಗುರುಗಳಾಗಿ ಒಂದು ದಿನ, ಒಂದೇ ಒಂದು ದಿನ ನನಗೆ ಹೇಳಬಾರದಿತ್ತಾ?"

ಇನ್ನಾಸಪ್ಪ ತಲೆ ತಗ್ಗಿಸಿದ.

ಗುರುಗಳಿಗೂ ಸಿಟ್ಟು ಬರುತ್ತದೆ ಅನ್ನುವುದನ್ನು ಅಲ್ಲಿದ್ದವರು ಅಂದೇ ನೋಡಿದ್ದು.

"ಹೇಳ್ತಾನೇ ಇದ್ದೆ ಕಣಯ್ಯಾ," ಅಂದರು. "ನೀನು ನುಡಿಸ್ತಾ ಇದ್ದೆ."