ಗುಡಿ ಸೇರಿದ ಕೋಲು

ಮಠದ ದಾಸೋಹದ ಹೊಣೆ ಹೊತ್ತ ಶಿಷ್ಯನೊಬ್ಬ ಗುರುಗಳ ಬಳಿಗೆ ಬಂದು ಕೇಳಿದ: “ಬುದ್ಧೀ, ಅಡುಗೆಮನೆಯ ಹಿರಿಯರಿಗೆ ಶಾಲು ಹೊದಿಸಿ, ಕೆಲಸ ಬಿಡಿಸಿ ಕೂರಿಸಬೇಕು ಅಂದುಕೊಂಡಿದ್ದೇನೆ. ಅವರ ತಿಳಿವಳಿಕೆಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ?”

ಗುರುಗಳು ಹೇಳತೊಡಗಿದರು.

ಒಂದು ಹೊಳೆಯ ಕಡವನ್ನು ಒಬ್ಬ ಯಜಮಾನ ನಡೆಸುತ್ತಿದ್ದ. ದೈವಭಕ್ತ. ಅಲ್ಲಿ ಅಂಬಿಗರದೊಂದು ರೂಢಿಯಿತ್ತು. ಬೆಳಿಗ್ಗೆ ಜನರನ್ನು ಹತ್ತಿಸುವ ಮೊದಲು ಎಲ್ಲರೂ ಖಾಲಿ ದೋಣಿಯಲ್ಲಿ ಹೋಗಿ ಬಿದಿರುಕೋಲಿನಿಂದ ತಳ ಮುಟ್ಟಿ ನೋಡುವರು. ಮರಳು ಎಲ್ಲಿ ಸರಿದಿದೆ, ಬಂಡೆ ಎಲ್ಲಿ ಎದ್ದಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಆ ದಿನದ ದಾರಿ ಗೊತ್ತುಮಾಡುವರು.

ಒಂದು ಮಳೆಗಾಲ ಒಬ್ಬ ಮುದಿ ಅಂಬಿಗನ ಕೋಲು ನೀರಡಿಯ ಬಂಡೆಯನ್ನು ಮೊದಲೇ ಮುಟ್ಟಿದ್ದರಿಂದ ದೋಣಿ ತುಂಬ ಜನ ಉಳಿದರು. ಯಜಮಾನನ ಕಣ್ಣು ತುಂಬಿತು. ಅವನು ದಡದಲ್ಲಿ ಚಿಕ್ಕ ಗುಡಿ ಕಟ್ಟಿಸಿ ಆ ಕೋಲನ್ನು ಅಲ್ಲಿಟ್ಟ. ಮುದುಕನಿಗೆ ಶಾಲು ಹೊದಿಸಿ, ಇನ್ನು ನೀರಿಗಿಳಿಯಬೇಡ ಎಂದ.

ಮುದುಕ ಕೈಮುಗಿದು, “ಧಣಿ, ನನ್ನ ತಲೆಯಲ್ಲಿರೋದು ನಿನ್ನೆಯ ಹೊಳೆ. ಇವತ್ತಿನದು ತಿಳೀಬೇಕಾದರೆ ಕೋಲು ನೀರಲ್ಲಿರಬೇಕು” ಎಂದ.

ಯಜಮಾನ ನಕ್ಕ. “ಪೂಜೆಗಿಟ್ಟದ್ದನ್ನು ಕೆಸರಿಗೆ ಅದ್ದು ಅಂತೀಯಲ್ಲ ಮಾರಾಯ. ದುಡಿದದ್ದು ಸಾಕು, ಕೂತು ಉಣ್ಣು.”

ಅಂಬಿಗರ ಬಳಿ ಬೇರೆ ಕೋಲುಗಳಿದ್ದವು. ಆದರೆ ತಳ ನೋಡುವ ಹೊತ್ತಿನಲ್ಲಿ ಈಗ ಪೂಜೆ ನಡೆಯುತ್ತಿತ್ತು. ಮಂಗಳಾರತಿ ಆದೊಡನೆ ಜನ ಹತ್ತುತ್ತಿದ್ದರು. ಕೋಲಿನ ಕೃಪೆಯಿರುವಾಗ ಭಯವೇಕೆ ಎಂದು ಅಂಬಿಗರೂ ನಂಬಿದರು.

ಮರುವರ್ಷ ನೆರೆ ಇಳಿದ ಮೇಲೆ ಯಜಮಾನನ ಮಗಳು ಬಾಣಂತನ ಮುಗಿಸಿ, ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಳು. ಯಜಮಾನನೇ ಕೂಸಿನ ಹಣೆಗೆ ಗುಡಿಯ ಭಸ್ಮ ಹಚ್ಚಿ ದೋಣಿ ಹತ್ತಿಸಿದ. ನಡುಹೊಳೆಯಲ್ಲಿ ನೀರು ಏನಕ್ಕೋ ತಾಗಿ ಮುರಿಯುವುದನ್ನು ಕಂಡು ದಡದ ಮುದುಕ ಕೂಗಿದ. ಗುಡಿಯಲ್ಲಿ ಇನ್ನೂ ಬಾರಿಸುತ್ತಿದ್ದ ಜಾಗಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ದೋಣಿ ಹೊಸ ಬಂಡೆಗೆ ಬಡಿದು ಒಡೆಯಿತು.

ನೀರಿನ ಸೆಳೆತ ಮಗಳನ್ನು ದಡದ ಹತ್ತಿರಕ್ಕೇ ತಂದಿತು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈ ಚಾಚಿದ್ದಳು. ಬೇರೆ ಕೋಲುಗಳು ದೋಣಿಯ ಜೊತೆಗೇ ಹೋಗಿದ್ದವು; ದಡದಲ್ಲಿ ಒಂದೂ ಇರಲಿಲ್ಲ. ಯಜಮಾನ ಗುಡಿಗೆ ಓಡಿ, ಹೂವಿನ ಹಾರ ಕಿತ್ತೆಸೆದು, ಕೋಲು ತಂದು ನೀರಿಗೆ ಚಾಚಿದ. ಹಿಡಿಯುವ ಕೈ ಆಗಲೇ ಮುಳುಗಿತ್ತು.

ಗುರುಗಳು ಕಣ್ಣು ಮುಚ್ಚಿ ಶಿವನಾಮ ನೆನೆದರು. ಶಿಷ್ಯ ತಗ್ಗಿದ ದನಿಯಲ್ಲಿ, ಆಮೇಲೆ ಆ ಯಜಮಾನ ಏನು ಮಾಡಿದ ಎಂದು ಕೇಳಿದ.

“ಕೋಲನ್ನು ತೊಳೆದು, ಭಸ್ಮ ಹಚ್ಚಿ, ಮತ್ತೆ ಗುಡಿಯಲ್ಲೇ ಇಟ್ಟ, ಮಗು.”