ಬ್ಯಾಟ್ರಿ ಚಂದವ್ವ ಮತ್ತು ತೂಬಿನ ಕಲ್ಲು

ಬಹಳ ಹಿಂದೆ, ಜಂಬಗೇರಿ ಅಂತ ಒಂದೂರು. ಎಷ್ಟು ಹಿಂದೆ ಅಂತ ಕೇಳಬೇಡಿ, ಕೇಳಿದವರಿಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ಪೇಟೆಯಲ್ಲಿ ಸೆಲ್ಲು, ಬಲ್ಬು ಸಿಗುತ್ತಿದ್ದವು. ಅಷ್ಟು ತಿಳಿದರೆ ಸಾಕು.

ಆ ಊರಿನ ಕೆರೆ ಏರಿಯ ಒಂದು ತುದಿಗೆ ಬೋಗಾರ ಪಾಯಪ್ಪ ಮತ್ತು ಆತನ ಹೆಂಡತಿ ಚಂದವ್ವ ಇದ್ದರು. ಪಾಯಪ್ಪನ ಹಿರಿಯರು ಕೊಡ, ತಂಬಿಗೆ ಬಡಿದವರು. ಇವರಿಬ್ಬರು ಬ್ಯಾಟ್ರಿ ಮಾಡುತ್ತಿದ್ದರು. ಕೈಯಲ್ಲಿ ಹಿಡಿದು ಗುಂಡಿ ಒತ್ತಿದರೆ ಬೆಳಕು ಬೀಳುತ್ತದಲ್ಲ, ಅದೇ ಬ್ಯಾಟ್ರಿ. ಅಂಗಡಿ ಅಂದರೆ ಒಂದು ಪಡಸಾಲೆ. ಕೆಲಸದವರು ಅಂದರೆ ಗಂಡ, ಹೆಂಡತಿ. ಪಾಯಪ್ಪ ಹಿತ್ತಾಳೆ ತಗಡು ಸುತ್ತಿ ಕೊಳವೆ ಮಾಡಿ ಬೆಸುಗೆ ಹಾಕುತ್ತಿದ್ದ. ಬೆಸುಗೆಯ ಕೊನೆಗೆ ಜೋಳದ ಕಾಳಿನಷ್ಟು ಒಂದು ಚುಕ್ಕೆ ಬಿಡುತ್ತಿದ್ದ, ಅದು ಆತನ ಗುರುತು. ಬಲ್ಬಿನ ಹಿಂದಿನ ಬಟ್ಟಲು ಚಂದವ್ವನ ಕೆಲಸ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಕಲಾಯಿ ಕೊಟ್ಟು, ಮತ್ತೆ ಹಳೇ ಸೀರೆಯ ಚೂರಿನಿಂದ ಉಜ್ಜುತ್ತಿದ್ದಳು. ಬಟ್ಟಲಿನಲ್ಲಿ ತನ್ನ ರೆಪ್ಪೆಯ ಕೂದಲು ಕಾಣುವವರೆಗೂ ಆಕೆ ಕೈ ಬಿಡುತ್ತಿರಲಿಲ್ಲವಂತೆ. ಗಂಡನಿಗೆ ಹಸಿವಾಗಿದ್ದರೂ ಅಷ್ಟೇ, ಮೊದಲು ಬಟ್ಟಲು, ಆಮೇಲೆ ರೊಟ್ಟಿ.

ಬ್ಯಾಟ್ರಿ ಮುಗಿದ ಸಂಜೆ ಪರೀಕ್ಷೆ. ಪಾಯಪ್ಪ ಏರಿ ಹಿಡಿದು ನಡೆದು ಆಚೆ ತುದಿಯಲ್ಲಿ ಕೆರೆ ನೀರು ಹೊರಬಿಡುವ ತೂಬಿನ ಕಲ್ಲಿನ ಮೇಲೆ ನಿಲ್ಲುತ್ತಿದ್ದ. ಚಂದವ್ವ ಈಚೆ ತುದಿಯಿಂದ ಆತನ ಮುಖಕ್ಕೆ ಬೆಳಕು ಬಿಡುತ್ತಿದ್ದಳು. ಮೀಸೆ ಕಂಡರೆ ಬ್ಯಾಟ್ರಿ ಪಾಸು. ಆದರೆ ಅಷ್ಟು ಬೆಳಕು ಕಣ್ಣಿಗೆ ಬಿದ್ದವನಿಗೆ ಏನು ಕಾಣುತ್ತದೆ? ಏನೂ ಇಲ್ಲ. ಕಾಲ ಪಕ್ಕದಲ್ಲೇ ತೂಬಿನ ಬಾವಿ, ತಳ ಕಾಣದ ಕಪ್ಪು ನೀರು. ಅದಕ್ಕೇ ಅವರಲ್ಲೊಂದು ಕಟ್ಟಳೆ ಇತ್ತು. ನೋಡಿದ ಮೇಲೆ ಚಂದವ್ವ ಬೆಳಕನ್ನು ಆತನ ಕಾಲ ಬುಡಕ್ಕೆ ಇಳಿಸಬೇಕು. ಅಲ್ಲಿಂದ ನೆಲದ ಮೇಲೇ ಮೆಲ್ಲಗೆ ತನ್ನ ಕಡೆಗೆ ಎಳೆದುಕೊಳ್ಳಬೇಕು. ಬೆಳಕು ಕರೆದ ಹಾಗೆ ಆತ ಬರಬೇಕು. ಬೆಳಕು ಇಳಿಯದೆ ಹೆಜ್ಜೆ ಎತ್ತಬಾರದು. ಇಳಿದ ಮೇಲೆ ನಿಲ್ಲಬಾರದು. ಮದುವೆಯ ಮಾತನ್ನಾದರೂ ಒಂದೊಂದು ಸಲ ಮರೆತರೇನೋ, ಈ ಮಾತನ್ನು ಇಬ್ಬರೂ ಮರೆತವರಲ್ಲ ಅಂತಾರೆ.

ಹೀಗಿರುವಾಗ ಒಂದು ಸಂಜೆ, ಪಾಯಪ್ಪ ಕಲ್ಲಿನ ಮೇಲೆ ನಿಂತಿದ್ದ. ಚಂದವ್ವ ಬೆಳಕು ಬಿಟ್ಟಿದ್ದಳು, ಮೀಸೆ ಕಂಡಿತ್ತು. ಆಗ ಕುರಿ ಹಟ್ಟಿಯ ಮಾಳಿಂಗ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ. ಹೆಂಡತಿಗೆ ಬೆಳಗಿನಿಂದ ನೋವು, ಕೂಸು ಅಡ್ಡ ತಿರುಗಿದೆ, ಸೂಲಗಿತ್ತಿ ಬೆಳಕಿಲ್ಲದೆ ಹಳ್ಳ ದಾಟಲಾರೆ ಅನ್ನುತ್ತಾಳೆ ಅಂತ ಅತ್ತ. ಅಳುತ್ತಲೇ ಉರಿಯುವ ಬ್ಯಾಟ್ರಿಗೆ ಕೈ ಚಾಚಿದ. ಹೆಣ್ಣುಜೀವ ತಾನೇ, ಚಂದವ್ವ ಹಿಂದೆ ಮುಂದೆ ನೋಡಲಿಲ್ಲ.

"ಒಯ್ಯಪಾ, ಲಗೂನ ಒಯ್ಯಿ. ಕಣ್ಣು ತಿಳಿಯಾದ್ಮ್ಯಾಲ ನಮ್ಮನಿಯವ್ರು ತಾವಾ ಬರ್ತಾರ," ಅಂದಳು. ಬೆಳಕನ್ನು ಗಂಡನ ಕಾಲ ಬುಡಕ್ಕೆ ಇಳಿಸದೆ, ಉರಿಯುತ್ತಿದ್ದ ಹಾಗೆಯೇ ಕೈ ದಾಟಿಸಿದಳು.

ಬೆಳಕು ಹಟ್ಟಿಯ ದಾರಿ ಹಿಡಿಯಿತು. ಪಾಯಪ್ಪ ಬರಲಿಲ್ಲ.

ಚಂದವ್ವ ಕೂಗಿದಳು. ಕಂದೀಲು ಹಚ್ಚಿಕೊಂಡು ಏರಿಯ ಮೇಲೆ ಓಡಿದಳು. ಕಲ್ಲಿನ ಮೇಲೆ ಆತನ ಚಪ್ಪಲಿ ಮಾತ್ರ ಇದ್ದವು, ಮನೆಯ ಕಡೆಗೆ ಮುಖ ಮಾಡಿ. ಊರವರು ಕೆರೆಗೆ ಬಲೆ ಹಾಕಿದರು, ಬಾವಿಗೆ ಪಾತಾಳಗರಡಿ ಇಳಿಸಿದರು. ಏನೂ ಸಿಗಲಿಲ್ಲ. ಮುಂದೆ ಬೇಸಿಗೆಯಲ್ಲಿ ಕೆರೆ ಬತ್ತಿ ತಳ ಬಿರುಕು ಬಿಟ್ಟಾಗಲೂ ಒಂದು ಎಲುಬು ಸಿಗಲಿಲ್ಲ. ಬಳೆ ತೆಗೆಯಮ್ಮ ಅಂತ ಹಿರಿಯರು ಬಂದು ಹೇಳಿದರು. ಚಂದವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ನಾ ಇನ್ನೂ ಕರದಿಲ್ಲ," ಅಂದಳಂತೆ. "ಕರೀದ ಹ್ಯಾಂಗ ಬರ್ತಾರ ಅವ್ರು?"

ಮನೆಯಲ್ಲಿ ಉಜ್ಜಿಟ್ಟ ಬಟ್ಟಲು ಒಂದೇ ಉಳಿದಿತ್ತು. ಅದರ ಅಂಚಿಗೆ ಒಂದು ತಗ್ಗು ಬಿದ್ದಿತ್ತು, ಅದಕ್ಕೇ ಅದನ್ನು ಯಾವ ಬ್ಯಾಟ್ರಿಗೂ ಹಾಕಿರಲಿಲ್ಲ. ಚಂದವ್ವ ಅದನ್ನು ಒಂದಿಷ್ಟು ತಗಡಿನ ಜೊತೆ ಒಯ್ದು ಚಪ್ಪಲಿಯ ಪಕ್ಕ ಇಟ್ಟು ಬಂದಳು. ಗಂಡ ಹೋದವಳಿಗೆ ಏನು ಮಾಡುತ್ತಿದ್ದೇನೆ ಅನ್ನುವ ಖಬರು ಎಲ್ಲಿರುತ್ತದೆ? ಮಾರನೆಯ ಬೆಳಿಗ್ಗೆ ಬಟ್ಟಲು ಇರಲಿಲ್ಲ, ತಗಡೂ ಇರಲಿಲ್ಲ. ಅಲ್ಲೊಂದು ಹೊಸ ಕೊಳವೆ ಇತ್ತು. ಬೆಸುಗೆಯ ಕೊನೆಗೆ ಜೋಳದ ಕಾಳಿನಷ್ಟು ಚುಕ್ಕೆ.

ಬಟ್ಟಲನ್ನು ಕಾಗೆ ಒಯ್ದಿತು ಅಂದರು ಊರವರು. ಯಾರೋ ಪರ ಊರಿನ ಬೋಗಾರ ಕನಿಕರಪಟ್ಟು ಕೊಳವೆ ಮಾಡಿ ಇಟ್ಟಿರಬೇಕು ಅಂದರು. ಇರಬಹುದಪ್ಪ. ಆದರೆ ಕನಿಕರಪಟ್ಟವನು ಕೊಳವೆಯನ್ನು ಕೆರೆಯ ಪಾಚಿಯಲ್ಲಿ ಅದ್ದಿ ಇಡುತ್ತಾನೆಯೇ?

ಅಲ್ಲಿಂದ ಮುಂದೆ ಚಂದವ್ವ ಸಂಜೆ ತಗಡು ಇಡುವಳು, ಬೆಳಿಗ್ಗೆ ಕೊಳವೆ ತರುವಳು. ಅಂಗಡಿ ಮತ್ತೆ ಇಬ್ಬರದೇ ಆಯಿತು. ಆಕೆಯ ಬ್ಯಾಟ್ರಿಗಳು ಸುತ್ತಿನ ಊರಿಗೆಲ್ಲ ಹೋದವು. ಆ ಬೆಳಕು ನೆಲಕ್ಕೆ ಬಿದ್ದರೆ ತಪ್ಪಿಸಿಕೊಂಡ ಎಮ್ಮೆ ತಾನಾಗಿ ಹಟ್ಟಿಗೆ ಬರುತ್ತಿತ್ತಂತೆ. ಜಾಲಿಮುಳ್ಳಿನಲ್ಲಿ ದಾರಿ ತಪ್ಪಿದ ಕೂಸೊಂದು ಅಳು ನಿಲ್ಲಿಸಿ ಬೆಳಕಿನ ಮೇಲೇ ಹೆಜ್ಜೆ ಇಟ್ಟು ಮನೆಗೆ ಬಂತಂತೆ. ಹೇಳುವವರು ಇದ್ದಾರೆ, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಆದರೆ ಚಂದವ್ವನಿಗೆ ಬೇಕಾದದ್ದು ಎಮ್ಮೆಯಲ್ಲ, ಕಂಡವರ ಕೂಸೂ ಅಲ್ಲ. ದಿನಾ ಮುಸ್ಸಂಜೆ ಆಕೆ ಏರಿಯ ಈ ತುದಿಗೆ ನಿಂತು ಹೊಸ ಬ್ಯಾಟ್ರಿ ಒತ್ತುತ್ತಿದ್ದಳು. ಬೆಳಕು ಏರಿಯುದ್ದ ಹೋಗಿ, ತೂಬಿನ ಕಲ್ಲಿಗೆ ಇನ್ನೇನು ಮುಟ್ಟಬೇಕು ಅನ್ನುವಲ್ಲಿ ನಿಂತುಬಿಡುತ್ತಿತ್ತು. ಗೋಡೆಗೆ ತಾಗಿದ ಹಾಗೆ. ಬಟ್ಟಲು ದೊಡ್ಡದು ಮಾಡಿದಳು, ಆಳ ಮಾಡಿದಳು, ಸೆಲ್ಲು ಹೆಚ್ಚಿಸಿದಳು. ಅಷ್ಟೇ. ಆಚೆಯ ಕತ್ತಲಲ್ಲಿ ಯಾರೋ ಕೆಮ್ಮಿದ ಹಾಗೆ ಕೇಳುತ್ತಿತ್ತಂತೆ, ಪಾಯಪ್ಪನಿಗೆ ಮೊದಲಿನಿಂದಲೂ ಕೆಮ್ಮು. ಚಂದವ್ವನ ಕೂದಲು ಬೆಳ್ಳಗಾಯಿತು, ಬೆನ್ನು ಬಾಗಿತು. ತಾನು ಸತ್ತರೆ ಆತನನ್ನು ಕರೆಯುವವರು ಯಾರು ಅನ್ನುವ ಒಂದೇ ಹೆದರಿಕೆ ಆಕೆಗೆ.

ಇತ್ತ ಮಾಳಿಂಗನ ಮಗಳು, ಆ ಸಂಜೆ ಹುಟ್ಟಿದ ಕೂಸು, ಬಾಳವ್ವ ಅಂತ, ಬೆಳೆದು ಮದುವೆಯಾಗಿ ಎರಡು ಮಕ್ಕಳ ತಾಯಿಯಾದಳು. ಅಪ್ಪ ತೀರಿಕೊಂಡಾಗ ಆಕೆಗೆ ಗುಡಿಸಲಿನ ಸಂದಿಯಲ್ಲಿ ಬಟ್ಟೆ ಸುತ್ತಿದ ಆ ಸಂಜೆಯ ಬ್ಯಾಟ್ರಿ ಸಿಕ್ಕಿತು. ಮಾಳಿಂಗ ಅದನ್ನು ವಾಪಸು ಕೊಡಲು ಹೋಗಿದ್ದನಂತೆ, ಚಂದವ್ವ ಅದರ ಮುಖ ನೋಡಿರಲಿಲ್ಲ. ಬಾಳವ್ವ ಅದನ್ನು ಮಡಿಲಿನಲ್ಲಿ ಇಟ್ಟುಕೊಂಡು ಮುಸ್ಸಂಜೆಗೆ ಏರಿಗೆ ಬಂದಳು.

"ಆಯಿ, ನನ್ನ ಸಲುವಾಗಿ ಹ್ವಾದ ಬೆಳಕ ಇದು. ತಗೋ," ಅಂದಳು.

ಚಂದವ್ವ ಅದರ ಬೆಸುಗೆಯ ಚುಕ್ಕೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ಹೊಸ ಸೆಲ್ಲು ಹಾಕಿ, ಗುಂಡಿ ಒತ್ತಿದಳು.

ಬೆಳಕು ಎಲ್ಲೂ ನಿಲ್ಲಲಿಲ್ಲ. ನೆಟ್ಟಗೆ ಹೋಗಿ ಕಲ್ಲಿನ ಮೇಲೆ ಬಿತ್ತು. ಅಲ್ಲಿ ಪಾಯಪ್ಪ ನಿಂತಿದ್ದ. ಅದೇ ರುಮಾಲು, ಅದೇ ಕಪ್ಪು ಮೀಸೆ, ಒಂದು ದಿನವೂ ವಯಸ್ಸಾಗಿರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದಿದ್ದ. ಚಂದವ್ವ ಬೆಳಕನ್ನು ಆತನ ಕಾಲ ಬುಡಕ್ಕೆ ಇಳಿಸಿದಳು, ನೆಲದ ಮೇಲೆ ಮೆಲ್ಲಗೆ ಎಳೆದುಕೊಂಡಳು.

ಪಾಯಪ್ಪ ಬರಲಿಲ್ಲ. ಬರಲಾರೆ ಅನ್ನುವ ಹಾಗೆ ತಲೆ ಅಲ್ಲಾಡಿಸಿದ. ಆತನ ಕೈಯಲ್ಲಿ ಏನೋ ಹೊಳೆಯಿತು. ಆ ಕಡೆಯಿಂದ ಒಂದು ಬೆಳಕು ಹೊರಟು, ಚಂದವ್ವನ ಮುಖ ನೋಡಿ, ಆಕೆಯ ಕಾಲ ಬುಡಕ್ಕೆ ಇಳಿಯಿತು. ದುಂಡನೆಯ ಬೆಳಕು, ಅಂಚಿನಲ್ಲಿ ಮಾತ್ರ ಒಂದು ತಗ್ಗು. ಆಕೆ ಉಜ್ಜಿದ ಬಟ್ಟಲು ಆಕೆಗೆ ಗೊತ್ತಾಗದೆ ಇದ್ದೀತೇ?

ಬೆಳಕು ನೆಲದ ಮೇಲೆ ಮೆಲ್ಲಗೆ ಹಿಂದೆ ಸರಿಯತೊಡಗಿತು. ಇಳಿದ ಮೇಲೆ ನಿಲ್ಲಬಾರದಲ್ಲ. ಚಂದವ್ವ ಸೆರಗು ಬಿಗಿದುಕೊಂಡಳು, ಕೈಯಲ್ಲಿದ್ದ ಬ್ಯಾಟ್ರಿಯ ಗುಂಡಿ ಒತ್ತಿ ಮೊದಲು ಅದನ್ನು ಆರಿಸಿದಳು. ಆರಿದೆ ಅಂತ ಮತ್ತೊಮ್ಮೆ ನೋಡಿ, ಆಮೇಲೆ ಬಾಳವ್ವನ ಕೈಗೆ ಕೊಟ್ಟಳು.

"ಬರ್ತೀನವ್ವ, ಕರೀಲಿಕ್ಕತ್ತಾರ," ಅಂದು ನಡೆದಳು. ಬಾಗಿದ್ದ ಬೆನ್ನು ನಡೆಯುತ್ತ ನಡೆಯುತ್ತ ನೆಟ್ಟಗಾಯಿತು ಅಂತಾರೆ. ಕಲ್ಲಿನ ಹತ್ತಿರ ಆಕೆ ಮುಟ್ಟಿದ ಮೇಲೆ, ಮನೆ ಸೇರಿದವರು ಆರಿಸುವ ಹಾಗೆ, ಆ ಬೆಳಕೂ ಆರಿತು. ಬೆಳಿಗ್ಗೆ ಊರವರು ಹೋಗಿ ನೋಡಿದರೆ ಕಲ್ಲಿನ ಮೇಲೆ ಎರಡು ಜೊತೆ ಚಪ್ಪಲಿ ಇದ್ದವು. ಎರಡರ ಮುಖವೂ ನೀರಿನ ಕಡೆಗಿತ್ತು.

ಇವತ್ತಿಗೂ ಜಂಬಗೇರಿಯಲ್ಲಿ ಉರಿಯುವ ಬ್ಯಾಟ್ರಿಯನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ಎಂಥ ಅವಸರವಿದ್ದರೂ ಆರಿಸಿ ಕೊಡುತ್ತಾರೆ, ಈಸಿಕೊಂಡವರು ಮತ್ತೆ ಹೊತ್ತಿಸುತ್ತಾರೆ. ಮೊಬೈಲಿನ ಬೆಳಕಾದರೂ ಅಷ್ಟೇ. ಹೊರಗೆ ಹೋದವರು ಬರುವಾಗ ಮನೆಯವರು ಬೆಳಕನ್ನು ಕಾಲ ಬುಡಕ್ಕೇ ಹಿಡಿಯುತ್ತಾರೆ. ಆದರೆ ಮುಸ್ಸಂಜೆ ಏರಿಯ ಮೇಲೆ, ಅಂಚಿನಲ್ಲಿ ತಗ್ಗಿರುವ ಒಂದು ದುಂಡನೆಯ ಬೆಳಕು ಬಂದು ನಿಮ್ಮ ಕಾಲ ಬುಡದಲ್ಲಿ ನಿಂತರೆ, ಹೆಜ್ಜೆ ಎತ್ತಬೇಡಿ. ಜಂಬಗೇರಿಯವರು ಆಗ ಕೈಮುಗಿದು, "ನಮ್ಮನ್ನ ಕರೆಯೋರು ಮನ್ಯಾಗ ಅದಾರ, ಆಯಿ," ಅನ್ನುತ್ತಾರೆ. ಬೆಳಕು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ಹೋಗುತ್ತದಂತೆ.